ಒಂದೇ ಬೆಳಗ್ಗೆ ಎರಡು ಇನ್ಸುಲಿನ್

ಚಪ್ಪಲಿಯಲ್ಲಿ ರಕ್ತ ಇತ್ತು. ಅಪ್ಪನಿಗೆ ಗೊತ್ತೇ ಇರಲಿಲ್ಲ.

ಹೆಬ್ಬೆರಳಿನ ಕೆಳಗೆ ಗಾಜಿನ ಚೂರು ಹೊಕ್ಕಿತ್ತು. "ನೋವಿಲ್ಲ ಬಿಡವ್ವ" ಅಂದ. ನೋವಿಲ್ಲದಿರುವುದೇ ರೋಗ ಅಂತ ಮಸ್ಕಿಯ ಡಾಕ್ಟರು ಹೇಳಿದರು. ಶುಗರ್ ಕಾಲಿನ ನರ ತಿಂದಿತ್ತು. ನಾಲ್ಕೇ ದಿನದಲ್ಲಿ ಬೆರಳು ಕಪ್ಪಾಯಿತು. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಆಸ್ಪತ್ರೆಯವರೆಲ್ಲ 'ನಾವಲ್ಲ' ಅಂತ ನೆಮ್ಮದಿಯಾಗಿ ಕೂತುಬಿಡುತ್ತಾರೆ.

ಬೆರಳು ಹೋಯಿತು. ಕಾಲು ಉಳಿಯಿತು. ಸರ್ಜನ್ ಕೈಗುಣ ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಬೇರೆಯದು.

ಆಪರೇಷನ್ ಆದ ಮೂರನೇ ಬೆಳಗ್ಗೆ. ನೈಟ್ ಡ್ಯೂಟಿ ಸಿಸ್ಟರ್ ಹೊರಡುವ ಅವಸರದಲ್ಲಿ ಬಂದು ಅಪ್ಪನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದಳು. ಕೊಟ್ಟಿದ್ದನ್ನು ಗುರುತು ಹಾಕಿಕೊಂಡದ್ದು ತನ್ನ ಅಂಗೈ ಮೇಲೆ, ಪೆನ್ನಿನಲ್ಲಿ. ಆ ಅಂಗೈ ಅವಳ ಜೊತೆ ಮನೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಡೇ ಡ್ಯೂಟಿಯವಳು ಸಿರಿಂಜ್ ಹಿಡಿದು ಬಂದಳು.

"ಈಗರ ಚುಚ್ಚಿಸ್ಕೊಂಡೀನಲ್ಲವ್ವ," ಅಪ್ಪ ಅಂದ.

"ಅದು ಬ್ಯಾರೆ ಇರಬೇಕು ಅಜ್ಜ. ಅಂಗಿ ಎತ್ರಿ."

ಅಪ್ಪ ನನ್ನ ಮುಖ ನೋಡಿದ.

"ಸುಮ್ಮಿರಪ್ಪ. ಅವರು ಓದಿ ಬಂದಾರ. ಅವರಿಗೆ ಗೊತ್ತಿರ್ತೈತಿ."

ಹಾಗಂದವಳು ನಾನು.

ನಮ್ಮ ಮನೆತನದ ಮೊದಲ ಪದವೀಧರೆ ನಾನು. ಬಿ.ಎಸ್ಸಿ. ಮುಗಿಸಿ ಲಿಂಗಸುಗೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪ ಹಟ್ಟಿಯ ಗಣಿಯಲ್ಲಿ ಹಗಲುಪಾಳಿ, ರಾತ್ರಿಪಾಳಿ ದುಡಿದು ನನ್ನನ್ನು ಓದಿಸಿದ. ಅವನಿಗೆ ಬರೆಯಲು ಬರುವುದು ತನ್ನ ಸಹಿ ಒಂದೇ. ಡಿಗ್ರಿ ಕೈಗೆ ಬಂದ ಮೇಲೆ ಓದಿದವರ ಮೇಲೆ ನನಗೆ ಎಂಥ ನಂಬಿಕೆ ಬಂದಿತ್ತೆಂದರೆ, ಓದದ ಅಪ್ಪ ತನ್ನ ಹೊಟ್ಟೆಗೆ ಚುಚ್ಚಿದ ಸೂಜಿಯನ್ನಾದರೂ ಎಣಿಸಬಲ್ಲ ಅನ್ನುವುದೇ ಮರೆತುಹೋಗಿತ್ತು.

ನಾಷ್ಟಾ ಇನ್ನೂ ಬಂದಿರಲಿಲ್ಲ. ಅಪ್ಪನ ಕೈಯಿಂದ ನೀರಿನ ಲೋಟ ಜಾರಿತು. ಬನಿಯನ್ ಹಿಂಡುವಷ್ಟು ಬೆವರು. ತೀರಿಹೋದ ಅವ್ವನ ಹೆಸರಿನಿಂದ ನನ್ನನ್ನು ಕರೆದ.

ಶುಗರ್ ಮೂವತ್ತೆಂಟಕ್ಕೆ ಇಳಿದಿತ್ತು.

ಡಾಕ್ಟರು ಓಡಿ ಬಂದು ನರಕ್ಕೆ ಗ್ಲೂಕೋಸ್ ಏರಿಸಿದರು. ಅಪ್ಪ ಕಣ್ಣು ಬಿಟ್ಟು ನನ್ನ ಹೆಸರು ಹಿಡಿದು ಕರೆದ. ಆಮೇಲೆ ಚಾರ್ಟ್ ಕೇಳಿದೆ. ಕೇಸ್ ಶೀಟಿನಲ್ಲಿ ಔಷಧಗಳ ಹೆಸರಿದ್ದವು. ಯಾವುದನ್ನು ಎಷ್ಟು ಹೊತ್ತಿಗೆ ಕೊಟ್ಟರು, ಯಾರು ಕೊಟ್ಟರು, ಅದನ್ನು ಬರೆಯಲು ಜಾಗವೇ ಇರಲಿಲ್ಲ.

"ಒಬ್ಬೊಬ್ಬ ಡಾಕ್ಟರು ಒಂದೊಂದು ತರ ಬರೀತೀವಮ್ಮ. ಈ ರಶ್‌ನಾಗ ಇಂಥವು ಆಗ್ತಾವ. ಈಗ ಆರಾಮ ಅದಾರಲ್ಲ?" ಅಂದರು ಡಾಕ್ಟರು.

ಆಗ್ತಾವ! ಮಳೆ ಆಗುತ್ತದೆ. ಇದು ಆದದ್ದಲ್ಲ, ಮಾಡಿದ್ದು.

ಡೇ ಡ್ಯೂಟಿ ಸಿಸ್ಟರ್ ಗೋಡೆಗೆ ಒರಗಿ ಅಳುತ್ತಿದ್ದಳು. ಇಡೀ ವಾರ್ಡಿಗೆ ಒಬ್ಬಳೇ. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಆಸ್ಪತ್ರೆಯ ಮುಂಬಾಗಿಲಿಗೆ ನೀಲಿ ಗಾಜು ಹಾಕಿಸಿದವರಿಗೆ, ಮಂಚಕ್ಕೊಂದು ಹಾಳೆ, ಎಲ್ಲ ಡಾಕ್ಟರಿಗೂ ಒಂದೇ ನಮೂನೆ, ಅಚ್ಚು ಹಾಕಿಸಲು ಏನು ಧಾಡಿ?

ಸಂಜೆ ಅಪ್ಪ ಮಾತಾಡಿದ. "ಗಣಿಯಾಗ ಇಳಿಯೋ ಮುಂದ ನಮ್ಮ ನಂಬರಿನ ಬಿಲ್ಲೆ ಬೋರ್ಡಿಗೆ ಹಾಕ್ತಿದ್ವಿ. ಹತ್ತಿ ಬಂದ ಮ್ಯಾಲ ತಗೀತಿದ್ವಿ. ಬಿಲ್ಲೆ ಐತಿ ಅಂದ್ರ ಮನಿಷಾ ಒಳಗ ಅದಾನ. ಬೋರ್ಡ್ ನೋಡದೆ ಯಾವ ಸಾಹೇಬನೂ ಬಂಡಿ ಒಡೆಯೋ ಮದ್ದಿಗೆ ಬೆಂಕಿ ಹಚ್ಚತಿದ್ದಿಲ್ಲ. ಬಾಯಿಮಾತು ಅಲ್ಲಿ ನಡೀತಿದ್ದಿಲ್ಲವ್ವ."

ನಾನು ಬ್ಯಾಗಿನಲ್ಲಿದ್ದ ಲಾಂಗ್ ಬುಕ್ಕಿನ ಹಾಳೆ ಹರಿದೆ. ಗೆರೆ ಎಳೆದೆ. ಔಷಧ, ಡೋಸ್, ಹೊತ್ತು, ಕೊಟ್ಟವರ ಸಹಿ. ಬ್ಯಾಂಡೇಜ್ ಟೇಪಿನಿಂದ ಸಲೈನ್ ಸ್ಟ್ಯಾಂಡಿಗೆ ಅಂಟಿಸಿದೆ. ಡ್ಯೂಟಿಗೆ ಬಂದ ಅದೇ ನೈಟ್ ಸಿಸ್ಟರ್ ಅದನ್ನು ನೋಡಿ ಮುಖ ಗಂಟು ಹಾಕಿಕೊಂಡಳು.

"ನನ್ನ ಮ್ಯಾಲ ಪೊಲೀಸಗಿರಿ ನಡಸೀರೇನಕ್ಕ?"

"ನಿನ್ನ ಮ್ಯಾಲಲ್ಲ ತಂಗಿ, ನಿನ್ನ ಅಂಗೈ ಮ್ಯಾಲ."

ಅವಳು ಕೈ ಹಿಂದಕ್ಕೆ ಸರಿಸಿಕೊಂಡಳು. ಅಪ್ಪ ಮಲಗಿದಲ್ಲಿಂದಲೇ, "ಇನ್ನೊಂದು ಖಾನೆ ಹಾಕವ್ವ, ನನ್ನ ಸಹಿಗೆ. ನನ್ನ ಕೇಳದೆ ಯಾರೂ ಚುಚ್ಚಂಗಿಲ್ಲ" ಅಂದ.

ಹಾಕಿದೆ. ಅವಳೂ ಸಹಿ ಮಾಡಿದಳು, ಅಪ್ಪನೂ ಮಾಡಿದ. ಸಂಬಳದ ಪುಸ್ತಕದಲ್ಲಿ ಮಾಡುತ್ತಿದ್ದ ಅದೇ ದಪ್ಪ ಸಹಿ. ಹಾಳೆ ಅಂಟಿಸಿದ ಮೂರನೇ ದಿನಕ್ಕೆ ಕೇಳುವ ಮೊದಲೇ ಸಿಸ್ಟರುಗಳು ಪೆನ್ನು ಅವನ ಕೈಗೆ ಕೊಡತೊಡಗಿದರು.

ಆಸ್ಪತ್ರೆ ಸೇರಿದ ಹನ್ನೊಂದನೇ ದಿನ ಡಿಸ್ಚಾರ್ಜ್ ಆಯಿತು. ಗಾಯ ಒಣಗುತ್ತಿದೆ. ಶಿವ ಕಾಯ್ದ, ಇನ್ನು ಬಿಟ್ಟುಬಿಡು ಅನ್ನುತ್ತಾರೆ ನೆಂಟರು. ಶಿವನಿಗೆ ಕೈ ಮುಗಿಯುತ್ತೇನೆ. ಬಿಡುವುದಿಲ್ಲ. ಎಲ್ಲ ಮಂಚಕ್ಕೂ ಇಂಥ ಹಾಳೆ ಹಾಕಿಸಿ ಅಂತ ಆಸ್ಪತ್ರೆಗೆ ಬರೆದುಕೊಟ್ಟ ಪತ್ರಕ್ಕೆ ಇವತ್ತಿನವರೆಗೆ ಉತ್ತರವಿಲ್ಲ.

ಆದರೆ ಹೊರಡುವಾಗ ಡೇ ಡ್ಯೂಟಿ ಸಿಸ್ಟರ್ ಬಾಗಿಲ ತನಕ ಓಡಿ ಬಂದಿದ್ದಳು. "ಅಕ್ಕಾ, ಅಂಥದ್ದೊಂದು ಖಾಲಿ ಹಾಳಿ ಗೆರಿ ಹಾಕಿ ಕೊಡ್ರಿ. ಎಂಟನೇ ಮಂಚದ ಅಮ್ಮಗ ಇನ್ಸುಲಿನ್ ಐತಿ."

ಅಪ್ಪ ಆಟೋದಲ್ಲಿ ಕಾಯುತ್ತಿದ್ದ. ನಿಂತಲ್ಲೇ ಗೋಡೆಗೆ ಹಾಳೆ ಒತ್ತಿ ಗೆರೆ ಎಳೆದೆ. ಈ ಸಲ ರೋಗಿಯ ಸಹಿಯ ಖಾನೆಯನ್ನು ಮೊದಲು ಹಾಕಿದೆ.