ಬಾಗಿಲಿಗೆ ಬಿಟ್ಟುಹೋದ ರಂದ

“ಇದನ್ನ ಇಟ್ಕಳ್ರಮ್ಮ. ನನ್ನ ಮಕ್ಳು ಗ್ಯಾರೇಜಿನಾಗ ಅದಾರ, ಅವರಿಗೆ ಬೇಕಾಗಂಗಿಲ್ಲ. ನಾ ಹೋದ ಮ್ಯಾಲೆ ನಿಮ್ಮ ಬಾಗ್ಲಕ್ಕ ಬೇಕಾಗತೈತಿ” ಎನ್ನುತ್ತಾ ಬಡಿಗ ಇಮಾಮ್ ಸಾಬರು ಮರ ಉಜ್ಜುವ ತಮ್ಮ ರಂದವನ್ನು ನನ್ನ ಕೈಗಿಟ್ಟರು.

ಕೊಟ್ಟೂರಿನ ನಮ್ಮ ಮನೆಯ ಬಾಗಿಲು ಅವರೇ ಮಾಡಿದ್ದು. ಮಳೆಗಾಲದಲ್ಲಿ ಅದು ಉಬ್ಬಿ ಚೌಕಟ್ಟಿಗೆ ಹಿಡಿದಾಗಲೆಲ್ಲ ಅವರೇ ಬಂದು ಉಜ್ಜಿಕೊಡುತ್ತಿದ್ದರು. ಆಗಿನ್ನೂ ಬೇಸಿಗೆ. “ಮಳಿಗಾಲಕ್ಕ ನೀವೇ ಬರ್ತೀರಿ ತಗೋರಿ” ಎಂದೆ. ಸಾಬರು ಚಹಾ ಕುಡಿದು, ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದು ನೋಡಿ ಹೋದರು.

ಮಳೆ ಬರುವಷ್ಟರಲ್ಲಿ ಸಾಬರು ತೀರಿಕೊಂಡಿದ್ದರು. ಬಾಗಿಲು ಹಿಡಿಯಿತು. ಅವರ ರಂದ ತೆಗೆದು ನಾನೇ ಉಜ್ಜತೊಡಗಿದೆ. ಅವರು ಮಸೆದಿಟ್ಟ ಅಲಗಿಗೆ ನನ್ನ ಪಳಗದ ಕೈಯಲ್ಲೂ ತೆಳ್ಳನೆಯ ಸಿಪ್ಪೆ ಎದ್ದಿತು. ಪೂರ್ತಿ ಸಲೀಸಾಗುವ ಮೊದಲೇ ಉಜ್ಜುವುದನ್ನು ನಿಲ್ಲಿಸಿದೆ. ಮುಂದಿನ ಮಳೆಗೂ ಅದು ಒಂದಿಷ್ಟು ಹಿಡಿಯಲಿ, ಸಾಬರ ರಂದ ಮತ್ತೆ ಕೈಗೆ ಬರಲಿ.