ಎಡದಡಿಗೆ ಬಂದ ಕೋರಿಕೆ

ಅಂದು ನೀರು ತುಂಬಿದೆ, ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಹರವಿದೆ, ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಎರಡು ಸೀರೆ ಕೊರಿಯರ್ ಮಾಡಿ ಬಂದೆ, ಕಡ್ಲಿ ಹಿಟ್ಟು ಜರಡಿ ಹಿಡಿದಿಟ್ಟೆ. ಇಂಥ ದಿನ ವಿಚಿತ್ರ ನಡೆದೀತು ಎಂದು ಯಾರು ಎಣಿಸುತ್ತಾರೆ? ಅದಕ್ಕೂ ಮೊದಲು ಯಾರಾದರೂ ಇಂಥದ್ದು ನಡೆಯಿತೆಂದು ಹೇಳಿದ್ದರೆ ನಕ್ಕು, ಚಹಾ ಕೊಟ್ಟು ಕಳಿಸುತ್ತಿದ್ದೆ.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗದ ಪಕ್ಕದಲ್ಲೇ ಹಳೆಯ ಕಂಪ್ಯೂಟರೊಂದಿದೆ. ಅದೇ ನಮ್ಮ ಸೀರೆಗಳ ವೆಬ್‌ಸೈಟಿನ ಸರ್ವರ್. ಕಟ್ಟಿದವಳು ನಾದಿನಿ ಗಿರಿಜಾ, ನೋಡಿಕೊಳ್ಳುವವಳು ನಾನು. ಸರ್ವರಿಗೆ ಸಾಮಾನ್ಯವಾಗಿ ಬರುವ ಕೋರಿಕೆ ಎರಡೇ: ಪುಟ ತೋರಿಸು, ಇಲ್ಲವೇ ಆರ್ಡರ್ ತಗೋ. ಬೇರೇನಾದರೂ ಕೇಳಿದರೆ ಸರ್ವರುಗಳು ‘ಇಲ್ಲ’ ಎಂದು ಬಾಗಿಲು ಹಾಕುತ್ತವೆ. ಆದರೆ ದೀಪ ಹಚ್ಚಿದ ಮೇಲೆ ಬಂದವರಿಗೆ ನಾವು ಇಲ್ಲ ಅನ್ನುವವರಲ್ಲ. ಅದಕ್ಕೆಂದೇ ಗಿರಿಜಾ ಬೇರೊಂದು ಹ್ಯಾಂಡ್ಲರ್, ಅಂದರೆ ಕೋರಿಕೆಗೆ ಉತ್ತರಿಸುವ ಪುಟ್ಟ ಪ್ರೋಗ್ರಾಂ, ಬರೆದಿದ್ದಳು. ಗುರುತಿಲ್ಲದ ಕೋರಿಕೆಗೆ ಅದು ‘ಕುಂದರ್ರಿ, ಕೇಳಿ ಹೇಳ್ತೀವಿ’ ಎಂದು ಉತ್ತರಿಸಿ, ಬಂದ ಮಾತನ್ನು ಹಾಗೇ ನನ್ನ ಫೋನಿಗೆ ಕಳಿಸುತ್ತಿತ್ತು.

ಆ ಸಂಜೆ ಅಸೂಟಿಯ ಶಿವಪ್ಪಣ್ಣ ಮಗಳ ಧಾರೆ ಸೀರೆ ಒಯ್ಯಲು ಬಂದು ಕೂತಿದ್ದರು. ಮದುವೆ ಒಂದು ದಿನ ಬಿಟ್ಟು. ಮಗ್ಗದಲ್ಲಿ ನನ್ನ ಗಂಡ ಕೂತಿದ್ದರು, ನೇಯುವುದು ಇನ್ನೂ ಗೇಣಷ್ಟು ಉಳಿದಿತ್ತು.

“ಲಗೂ ಕೈ ಆಡಸ್ರಿ ಮಾವಾರ, ಬೀಗರು ಭಾಳ ಖೋಡಿ ಮಂದಿ. ಸೀರಿ ತೊಗೊಂಡ ಬಂದ್ರ ಮದುವಿ ಅಂತಾರ,” ಎಂದರು ಶಿವಪ್ಪಣ್ಣ.

“ಹಂಗಾರ ನೀವ ಕುಂದರ್ರಿ ಮಗ್ಗಕ್ಕ!” ಎಂದು ನನ್ನ ಗಂಡ ನಕ್ಕರು.

ಆಗಲೇ ಫೋನು ಸದ್ದು ಮಾಡಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಕೋರಿಕೆ: ಹೊರಳಿನೋಡು. ಕೇಳಿದ ಪುಟ: ಎಡದಡಿ. ಅಂಥ ಪುಟ ನಮ್ಮಲ್ಲಿಲ್ಲ. ಓದಿ ಹೇಳಿದೆ.

“ನಿನ್ನ ಕಂಪ್ಯೂಟರಕ್ಕ ಹುಚ್ಚ ಹಿಡದೈತಿ,” ಎಂದರು ಗಂಡ.

ಮನಸ್ಸು ತಡೆಯಲಿಲ್ಲ. ನೇಯ್ದು ಮಗ್ಗಕ್ಕೆ ಸುತ್ತಿದ ಬಟ್ಟೆಯನ್ನು ಬಿಡಿಸಿ ಸೀರೆಯ ಎಡದಡಿಯನ್ನು, ಅಂದರೆ ಎಡಗಡೆಯ ಅಂಚನ್ನು, ದೀಪಕ್ಕೆ ಹಿಡಿದೆ. ಕೆಂಪಿನ ನಡುವೆ ಒಂದು ಎಳೆ ಕಡಿದುಹೋಗಿ, ಸಣ್ಣ ಗೆರೆಯಷ್ಟು ಬೆಳಕು ತೂರುತ್ತಿತ್ತು. ಮಾತಿನ ಭರದಲ್ಲಿ ಗಂಡ ಹಾಗೇ ನೇಯ್ದುಕೊಂಡು ಹೋಗಿದ್ದರು. ಧಾರೆ ಸೀರೆಯ ದಡಿಯಲ್ಲಿ ಎಳೆ ತಪ್ಪಿದರೆ ನಮ್ಮ ಕಡೆ ಅಪಶಕುನ. ಆ ಬೀಗರು ಮಂಟಪದಲ್ಲೇ ಎತ್ತಿ ಆಡಿರುತ್ತಿದ್ದರು.

ಶಿವಪ್ಪಣ್ಣನ ಮುಖ ಇಳಿಯಿತು. “ಯವ್ವಾ, ಆಗತೈತೇನ?”

ಗಂಡ ಎಳೆ ಕಡಿದಲ್ಲಿಯವರೆಗೆ ನೇಯ್ಗೆ ಬಿಚ್ಚಿ, ಎಳೆಗೆ ಗಂಟು ಹಾಕಿ, ಮತ್ತೆ ನೇಯ್ದರು.

ಕಳಿಸಿದವರ ವಿಳಾಸ ಹುಡುಕಿದೆ. ಹೊರಗಿನದಲ್ಲ, ನಮ್ಮ ಸರ್ವರಿನದೇ. ತನ್ನನ್ನು ತಾನೇ ಕೇಳಿಕೊಂಡಂತೆ! ರೋಣಕ್ಕೆ ಹೋಗಿದ್ದ ಗಿರಿಜಾ ಬಂದೊಡನೆ, ಇದು ನಿನ್ನ ಕೆಲಸವೇನು ಎಂದು ಕೇಳಿದೆ.

“ನಾ ಬಸ್ಸಿನ್ಯಾಗ ನಿಂತಿದ್ದೆ ವೈನಿ, ಫೋನ್ ಸತ್ತಿತ್ತು. ಆ ಮಷೀನಕ್ಕ ದಡಿ ಅಂದ್ರೇನಂತ ಹ್ಯಾಂಗ ಗೊತ್ತು?”

ಇಬ್ಬರೂ ಎಷ್ಟೋ ಸಲ ಹುಡುಕಿದ್ದೇವೆ. ಆ ಮಾತು ಹ್ಯಾಂಡ್ಲರಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಹೇಗೆ ಬಂತೆಂದು ಇವತ್ತಿಗೂ ತಿಳಿದಿಲ್ಲ.

ಸೀರೆ ಮಗ್ಗದಿಂದ ಇಳಿಯುವಷ್ಟರಲ್ಲಿ ಅಸೂಟಿಯ ಬಸ್ಸು ಹೋಗಿತ್ತು, ಶಿವಪ್ಪಣ್ಣ ರಾತ್ರಿ ನಮ್ಮಲ್ಲೇ ಉಳಿದರು. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಉಂಡೆವು. ಶಿವಪ್ಪಣ್ಣ ಸೀರೆಯ ಗಂಟನ್ನು ಎದೆಗೆ ಅವುಚಿಕೊಂಡು ಎಲ್ಲರಿಗಿಂತ ಮೊದಲು ನಿದ್ದೆ ಹೋದರು.