ಹಾಲವ್ವನ ತೋರುಬೆರಳು

ಹಾಲವ್ವನ ಮುತ್ತಜ್ಜ, ಯಾರನ್ನೂ ಹತ್ತಿರ ಬಿಡದ ಒದೆಯುವ ಹಸುವಿನ ಹಾಲನ್ನು ಹಾಡು ಹೇಳುತ್ತಲೇ ಕರೆದ ಗಂಡಸು. ಅಜ್ಜಿ, ಹೊಳೆ ಉಕ್ಕಿ ಬೀದಿಗೆ ನುಗ್ಗಿದಾಗಲೂ ಕ್ಯಾನು ತಲೆಗೇರಿಸಿ, ಎದೆಮಟ್ಟದ ನೀರಲ್ಲಿ ನಡೆದು ಮನೆಮನೆಯ ಕೂಸುಗಳಿಗೆ ಹಾಲು ಮುಟ್ಟಿಸಿದವಳು. ಅಂಥ ವಂಶದ ಹಾಲವ್ವನ ಮಗಳಿಗೆ ಹಾಲೇ ಹಗೆಯಾಯಿತು.

ಹೆರಿಗೆಯಾದ ವಾರದಲ್ಲೇ ಕೂಸಿನ ಹಿಮ್ಮಡಿಯ ರಕ್ತ ಪರೀಕ್ಷಿಸಿ ಡಾಕ್ಟರಮ್ಮ ಹೇಳಿದ್ದರು: "ಹಾಲಿನ ಪ್ರೋಟೀನು ಮಣಿಸರ ಇದ್ದ ಹಾಗೆ. ಒಂದೊಂದು ಮಣೀನೂ ಒಂದು ಅಮೈನೋ ಆಮ್ಲ. ಅದರಲ್ಲಿ ಫಿನೈಲ್‌ಅಲನೈನ್ ಅನ್ನೋ ಮಣಿ ಈ ಮಗೂಗೆ ಅರಗಲ್ಲ. ರಕ್ತದಲ್ಲಿ ತುಂಬಿಕೊಂಡ್ರೆ ಬುದ್ಧಿ ಮಂಕಾಗುತ್ತೆ. ನಾವು ಕೊಡೋ, ಆ ಮಣಿ ಇಲ್ಲದ ಪುಡಿಯೇ ಇದಕ್ಕೆ ಊಟ. ನಿನ್ನ ಹಾಲಾಗ್ಲಿ, ಹಸುವಿನದಾಗ್ಲಿ, ಅಳೆದಷ್ಟೇ."

ಅಂದಿನಿಂದ ಹಾಲವ್ವ ಹೆದರುತ್ತಿದ್ದದ್ದು ತನ್ನ ತೋರುಬೆರಳಿಗೇ. ಕರೆದ ಹಾಲಿಗೆ ಬೆರಳದ್ದಿ ಅಳುವ ಕೂಸಿಗೆ ಚೀಪಿಸುವುದು ಅವರ ವಂಶದ ರೂಢಿ. ನಿನ್ನೆ ಮಗು ಅತ್ತಾಗ ಬೆರಳು ತಾನಾಗಿ ಚೆಂಬಿಗಿಳಿದು ಅದರ ತುಟಿಯವರೆಗೂ ಹೋಗಿತ್ತು. ತಟ್ಟನೆ ಕೈ ಕಿತ್ತುಕೊಂಡಳು. ಆಮೇಲೆ ಮಗಳ ಕಣ್ಣು ತನ್ನತ್ತ ತಿರುಗುತ್ತದೋ ಇಲ್ಲವೋ ಎಂದು ಸಂಜೆಯವರೆಗೂ ಚಿಟಿಕೆ ಹೊಡೆದು ನೋಡಿದಳು. ಇವತ್ತು ಹಾಲು ಕರೆದೆದ್ದವಳೇ ಬೆರಳಿಗೆ ಬಟ್ಟೆ ಸುತ್ತಿಕೊಂಡಳು.

ಓರಗಿತ್ತಿ ಅದನ್ನು ಕಂಡು ನಕ್ಕಳು. "ಕರುವಿನ ಮೂತಿಗೆ ಹಾಕೋ ಹಾಗೆ ಬೆರಳಿಗೇ ಬಾಯಿಕುಕ್ಕೆ ಹಾಕಿದ್ದೀಯಲ್ಲೇ! ಕೊಡು ಇಲ್ಲಿ, ಮಗೂನ ನಾನು ನೋಡ್ಕೋತೀನಿ. ಒಂದು ತೊಟ್ಟು ಹಾಲಿಗೆ ಯಾವ ಕೂಸು ಕೆಟ್ಟಿದೆ?"

ಹಾಲವ್ವ ಕೂಸನ್ನು ಎದೆಗವುಚಿಕೊಂಡಳು.

"ಬೇಡ ಅಕ್ಕ. ನನ್ನ ಬೆರಳಿಗಾದ್ರೆ ಬಟ್ಟೆ ಸುತ್ತಬಹುದು. ನಿನ್ನ ಅಕ್ಕರೆಗೆ ಏನು ಸುತ್ತಲಿ?"